ತೂಕದ ಮಷೀನ್ ನಂಬಿ ಎರಡು ಕೆ.ಜಿ. ಹಪ್ಪಳ ಹಾಳಾಯಿತು

ಈ ಬೇಸಿಗೆಯಲ್ಲಿ ನಮ್ಮ ಮನೆಯ ಎರಡು ಕೆ.ಜಿ. ಉದ್ದಿನ ಹಪ್ಪಳ ಹಾಳಾಯಿತು. ತಪ್ಪು ಹಿಟ್ಟಿನದಲ್ಲ, ಬಿಸಿಲಿನದೂ ಅಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ತೂಕದ ಮಷೀನಿನದು. ನೀವೂ ಒಂದು ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಓದಿ.

ನಮ್ಮ ಅತ್ತೆ ಹಪ್ಪಳಖಾರವನ್ನು (ಹಪ್ಪಳದ ಹಿಟ್ಟಿಗೆ ಹಾಕುವ ಸೋಡಾದಂಥ ಪುಡಿ) ಕೈಯಳತೆಯಲ್ಲೇ ಹಾಕುತ್ತಿದ್ದರು. ಆ ಅಳತೆಯನ್ನು ಒಮ್ಮೆ ಅಂಗಡಿಯಲ್ಲಿ ತೂಗಿಸಿ ಬರೆದಿಟ್ಟುಕೊಂಡಿದ್ದೆ: ಒಂದು ಕೆ.ಜಿ. ಹಿಟ್ಟಿಗೆ 30 ಗ್ರಾಂ. ಈ ಸಲ ಅವರಿಗೆ ಕೈಲಾಗಲಿಲ್ಲ, ನಾನೇ ಕೂತೆ. ಎರಡು ಕೆ.ಜಿ.ಗೆ 60 ಗ್ರಾಂ ಬೇಕು.

ಬಟ್ಟಲಿಟ್ಟು, ಅದರ ತೂಕ ಕಳೆಯುವ ಟೇರ್ ಬಟನ್ ಒತ್ತಿದೆ. ಸೊನ್ನೆ ಬಂತು. ಜಾಸ್ತಿ ಬಿದ್ದೀತು ಅಂತ ಹೆದರಿ ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಐದಾರು ಚಿಟಿಕೆ ಹಾಕಿದರೂ ಸೊನ್ನೆಯೇ. ಆಮೇಲೆ ನಿಧಾನವಾಗಿ ಏರಿತು. 41 ಆದಾಗ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ಬಂತು. ಹೋಗಿ ಬರುವಷ್ಟರಲ್ಲಿ ಮಷೀನ್ ತಾನೇ ಆಫ್ ಆಗಿತ್ತು. ಮತ್ತೆ ಒತ್ತಿದರೆ ಬಟ್ಟಲು, ಪುಡಿ ಎಲ್ಲ ಸೇರಿಸಿ ಸೊನ್ನೆ! ಇನ್ನು 19 ಹಾಕಿದರೆ ಸಾಕು ಅಂದುಕೊಂಡು ಮತ್ತೆ ಚಿಟಿಕೆಯಿಂದಲೇ ಶುರು ಮಾಡಿದೆ.

ಲಟ್ಟಿಸಿ, ಮಹಡಿ ಮೇಲೆ ಹಳೆ ಸೀರೆ ಹಾಸಿ ಎರಡು ದಿನ ಒಣಗಿಸಿದೆವು. ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಯಿತು. ಬಾಯಿಗಿಟ್ಟರೆ ಕಹಿ, ಸೋಡಾ ವಾಸನೆ. ಅತ್ತೆ ಒಂದು ಚೂರು ತಿಂದು, "ಹಪ್ಪಳಖಾರ ಜಾಸ್ತಿ ಬಿದ್ದಿದೆ ಅಲ್ವಾ ಮಗಾ" ಎಂದು ತಟ್ಟೆ ಪಕ್ಕಕ್ಕಿಟ್ಟರು. ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಗಿದ್ದು ಇದು. ಗಾಳಿಗೆ, ಬಿಸಿಗೆ ಅಂಕಿ ಸುಮ್ನೆ ಕುಣಿಯಬಾರದು ಅಂತ ಇಂಥ ಮಷೀನ್‌ಗಳು ಸೊನ್ನೆಯ ಹತ್ತಿರದ ಸಣ್ಣ ಬದಲಾವಣೆಯನ್ನೆಲ್ಲ ಸೊನ್ನೆ ಎಂದೇ ಹಿಡಿಯುತ್ತವೆ. ನಮ್ಮ ಚಿಟಿಕೆಯೂ ಅದರಲ್ಲೇ ಮುಚ್ಚಿಹೋಗುತ್ತದೆ. ನನಗೆ ಎರಡು ಸಲ ಹೀಗಾಯಿತು. ಪುಡಿ ತೂಗುವಾಗ ಮೊದಲು ಒಂದು ಚಮಚ ಪೂರ್ತಿ ಸುರಿಯಿರಿ. ಡಬ್ಬದ ಮೇಲಿನ "1 ಗ್ರಾಂ" ಅಂದರೆ ಅಂಕಿ ಒಂದೊಂದಾಗಿ ಏರುತ್ತದೆ ಅಂತ ಅಷ್ಟೇ, ತೂಕ ಅಷ್ಟು ಕರಾರುವಾಕ್ಕಾಗಿದೆ ಅಂತಲ್ಲ. ಯೀಸ್ಟ್, ಸೋಡಾದಂಥವಕ್ಕೆ 0.1 ಗ್ರಾಂ ತೋರಿಸುವ ಚಿಕ್ಕ ಮಷೀನೇ ಬೇಕು. ಎಷ್ಟು ಹೊತ್ತಿಗೆ ತಾನೇ ಆಫ್ ಆಗುತ್ತದೆ ಅಂತಲೂ ಕೇಳಿಯೇ ಕೊಳ್ಳಿ.

ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿ. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ಇರುತ್ತದೆ. ಅಂಥ ಹತ್ತು ಒಟ್ಟಿಗೆ ಇಟ್ಟರೆ 77 ಬರಬೇಕು. ನನ್ನ ಮಷೀನ್ ಇದರಲ್ಲಿ ಪಾಸಾಯಿತು! ಆದರೆ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ಟನ್ನು ನಡುವೆ ಇಟ್ಟಾಗ 1004, ಮೂಲೆಯಲ್ಲಿಟ್ಟಾಗ 991 ತೋರಿಸಿತು. ಹಾಗಾಗಿ ಮೂಲೆಯನ್ನೂ ನೋಡಲೇಬೇಕು.

ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ತೂಕದ ಲೆಕ್ಕದಲ್ಲಿ ಮಾರುವ ಅಕ್ಕಂದಿರಿಗೆ ಇನ್ನೊಂದು ಮಾತು. ಮಾರಾಟಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಈ ಅಗ್ಗದ ಮಷೀನ್ ಅದಕ್ಕೆ ಆಗುವುದಿಲ್ಲ.

ನಾನು ತರಿಸಿದ ಮೇಲೆ ಒಂದು ತಿಂಗಳು ಡಬ್ಬವನ್ನೇ ಬಿಚ್ಚಿರಲಿಲ್ಲ. ದೂರು ಕೊಡಲು ಹೋದಾಗ ವಾಪಸ್ ಮಾಡುವ ಗಡುವು ಮುಗಿದಿತ್ತು.