ಮೈಸೂರು ಟ್ರಿಪ್ಪಿಗೆ ಕ್ಯಾನನ್ 24 ಎಂಎಂ ಪ್ಯಾನ್‌ಕೇಕ್ ಲೆನ್ಸ್ ಸಾಕಾ?

ನಮ್ಮ ಮನೆಯಲ್ಲಿರುವುದು ಕ್ಯಾನನ್ 200ಡಿ ಕ್ಯಾಮೆರಾ. ಮಕ್ಕಳ ಜೊತೆ ಹೊರಟರೆ ನೀರಿನ ಬಾಟಲಿ, ಬಟ್ಟೆ, ತಿಂಡಿ ಡಬ್ಬಿ ಎಲ್ಲ ಹೊತ್ತ ಮೇಲೆ ಕ್ಯಾಮೆರಾ ಬ್ಯಾಗಿಗೆ ಯಾರ ಹೆಗಲೂ ಖಾಲಿ ಇರುವುದಿಲ್ಲ, ಅಲ್ವಾ? ಅದಕ್ಕೇ ದೋಸೆಯಂತೆ ತೆಳ್ಳಗಿರುವ, ಜೂಮ್ ಇಲ್ಲದ ಈ ಪ್ಯಾನ್‌ಕೇಕ್ ಲೆನ್ಸ್, ಇಎಫ್-ಎಸ್ 24 ಎಂಎಂ ಎಫ್2.8 ಎಸ್‌ಟಿಎಂ ತಗೊಂಡೆ. ತೂಕ 125 ಗ್ರಾಂ, ದಪ್ಪ 23 ಮಿಲಿಮೀಟರ್ ಕೂಡ ಇಲ್ಲ. ಬಾಡಿ ಸೇರಿದರೂ 600 ಗ್ರಾಂ ದಾಟುವುದಿಲ್ಲ.

ಅಂಗಡಿಯವರು 18-135 ಜೂಮ್ ತಗೊಳ್ಳಿ, ಒಂದರಲ್ಲೇ ಎಲ್ಲ ಆಗುತ್ತೆ ಅಂತ ಪಟ್ಟು ಹಿಡಿದರು. ಆಗುತ್ತೆ, ನಿಜ, ಆದರೆ ಅದೊಂದೇ ಅರ್ಧ ಕೆಜಿ ಹತ್ತಿರ ತೂಗುತ್ತದೆ.

ಮೊದಲು ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಸಂಜೆ ಹೊತ್ತು ನೋಡಿದೆ. ಇದಕ್ಕೆ ಅದೇ ಸರಿಯಾದ ಜಾಗ. ಬೆಳಕು ಕಮ್ಮಿ, ಜನ ಜಾಸ್ತಿ, ಮಕ್ಕಳು ಒಂದು ಕಡೆ ನಿಲ್ಲುವುದಿಲ್ಲ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಇದೇ 24 ಎಂಎಂನಲ್ಲಿ ಎಫ್4ಕ್ಕೆ ನಿಲ್ಲುತ್ತದೆ, ಇದು ಎಫ್2.8 (ಈ ಸಂಖ್ಯೆ ಕಮ್ಮಿಯಾದಷ್ಟೂ ಬೆಳಕು ಜಾಸ್ತಿ), ಅಂದರೆ ಎರಡರಷ್ಟು ಬೆಳಕು. ಇದರಲ್ಲಿ ಸ್ಟೆಬಿಲೈಸೇಶನ್ ಇಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಸ್ಟೆಬಿಲೈಸೇಶನ್ ನಿಲ್ಲಿಸುವುದು ನಮ್ಮ ಕೈ ನಡುಕವನ್ನು, ಓಡುವ ಮಗುವನ್ನಲ್ಲ! ಮಗು ಮಸುಕಾಗದೆ ಬರಬೇಕಾದರೆ ಶಟರ್ ವೇಗವೇ ಬೇಕು, ಅದಕ್ಕೆ ಬೆಳಕು ಬೇಕು. ಇನ್ನು 16 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುವುದರಿಂದ ಕಲ್ಲಿನ ಮೇಲೆ ಬೇಯುವ ಹೋಳಿಗೆಯೂ ಚೆನ್ನಾಗಿ ಬಂತು, ಮುಂದಿನ ಗಿರಾಕಿ ಬೈದುಕೊಂಡರು ಅನ್ನುವುದು ಬೇರೆ ಮಾತು.

ಮೈಸೂರಿನಲ್ಲಿ ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರಲ್ಲ, ಅಲ್ಲಿ ಮನೆಮಂದಿಯನ್ನು ಮುಂದೆ ನಿಲ್ಲಿಸಿದರೆ ಹಿಂದೆ ಅರಮನೆಯೂ ಸಿಗುತ್ತದೆ. 200ಡಿಯ ಚಿಕ್ಕ ಸೆನ್ಸರ್ (ಕ್ರಾಪ್ ಸೆನ್ಸರ್) ಮೇಲೆ ಇದು ಸುಮಾರು 38 ಎಂಎಂನಷ್ಟು ಕಿರಿದಾದ ನೋಟ ಕೊಡುವುದರಿಂದ ಅರಮನೆ ಪೂರ್ತಿ ಬೇಕಾದರೆ ಚೆನ್ನಾಗಿಯೇ ಹಿಂದಕ್ಕೆ ಹೋಗಬೇಕು. ಅಗ್ಗದ 50 ಎಂಎಂ ಎಫ್1.8 ಹಾಕಿದ್ದರೆ ಅದು 80 ಎಂಎಂ ಆಗಿಬಿಡುತ್ತಿತ್ತು, ಹೋಟೆಲ್ ಟೇಬಲ್ಲಿನಲ್ಲಿ ಎದುರಿಗೆ ಕೂತವರ ಮುಖ ಮಾತ್ರ.

ಮೃಗಾಲಯದಲ್ಲಿ ಮಾತ್ರ ಇದು ದಂಡ. ಹುಲಿ ಒಂದು ಹಳದಿ ಚುಕ್ಕೆ ಅಷ್ಟೇ. ಪ್ರಾಣಿ, ಪಕ್ಷಿ ಫೋಟೋ ಬೇಕೇ ಬೇಕು ಅನ್ನುವವರು ಸುಮ್ನೆ ಜೂಮ್ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ಫಂಗಸ್ (ಬೂಷ್ಟು) ಇದೆಯಾ ನೋಡಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಇದು ಕೂರುವುದಿಲ್ಲ. ಆರ್ ಸರಣಿಯ ಮಿರರ್‌ಲೆಸ್ ಇದ್ದರೆ ಅಡಾಪ್ಟರ್ ಬೇಕು, ಅದರ ಬದಲು ಆರ್‌ಎಫ್ 28 ಎಂಎಂ ಎಫ್2.8 ನೋಡಿ, ಅದು 120 ಗ್ರಾಂ.