ಹುಬ್ಬಳ್ಳಿಯಲ್ಲಿ ‘ತ್ರೀ ಆಕ್ಸಿಸ್’ ಡ್ರೋನ್ ತಗೊಳ್ಳೋರು ಮೊದಲು ಇದನ್ನ ಓದ್ರಿ

ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ‘4ಕೆ, ತ್ರೀ ಆಕ್ಸಿಸ್, ರಿಯಲ್ ಟೈಮ್ ಸ್ಟೆಬಿಲೈಸೇಶನ್’. ಬೆಲೆ 22 ಸಾವಿರ. ಒಳಗೆ ಗಿಂಬಲ್ಲೇ (ಡ್ರೋನ್ ವಾಲಿದ್ರೂ ಕ್ಯಾಮೆರಾ ನೆಟ್ಟಗೆ ಹಿಡಿಯೋ ಮೋಟಾರ್ ಹಿಡಿಕೆ) ಇಲ್ಲ! ನಿಜವಾದ ತ್ರೀ ಆಕ್ಸಿಸ್ ಅಂದ್ರೆ ರೋಲ್ (ಪಕ್ಕಕ್ಕೆ ವಾಲೋದು), ಪಿಚ್ (ಮುಂದೆ-ಹಿಂದೆ ಬಾಗೋದು), ಯಾ (ಎಡ-ಬಲ ತಿರುಗೋದು) ಮೂರಕ್ಕೂ ಒಂದೊಂದು ಬ್ರಷ್‌ಲೆಸ್ ಮೋಟಾರ್. ಇದರಲ್ಲಿ ಕ್ಯಾಮೆರಾ ಮೇಲೆ-ಕೆಳಗೆ ಮಾಡೋಕೆ ಒಂದು ಪುಟ್ಟ ಸರ್ವೋ ಮೋಟಾರ್, ಅಷ್ಟೇ. ಕೆಳಗೆ ಕಂಪನ ತಡೆಯೋ ರಬ್ಬರ್ ಡ್ಯಾಂಪರ್ ಸಹ ಇಲ್ಲ, ನೇರ ಬಾಡಿಗೇ ಸ್ಕ್ರೂ.

ಅಂಗಡಿಯ ಡೆಮೊದಲ್ಲೇ ಆಟ ನಡೆಯೋದು. ಗಾಳಿಯಿಲ್ಲದ ಕೋಣೆಯಲ್ಲಿ ನಿಂತಲ್ಲೇ ಹಾರಿಸಿ “ನೋಡ್ರಿ ಸರ್, ಒಂಚೂರೂ ಅಲಗಾಡಂಗಿಲ್ಲ” ಅಂತಾರೆ. ಅದು ಹೊಟ್ಟೆ ಕೆಳಗಿನ ಆಪ್ಟಿಕಲ್ ಫ್ಲೋ ಸೆನ್ಸರ್ ಕೆಲಸ, ನೆಲ ನೋಡ್ತಾ ಡ್ರೋನನ್ನ ನಿಂತಲ್ಲೇ ನಿಲ್ಲಿಸ್ತದೆ. ಹಾರಾಟ ಸ್ಥಿರ ಆಯ್ತು, ಚಿತ್ರ ಅಲ್ಲ. ಮುಂದೆ ಹೋಗೋಕೆ, ಗಾಳಿ ತಡೆಯೋಕೆ ಡ್ರೋನ್ ವಾಲಲೇಬೇಕು. ಗಿಂಬಲ್ ಇಲ್ಲದಿದ್ರೆ ಚಿತ್ರಾನೂ ಜೊತೆಗೇ ವಾಲ್ತದೆ.

ಗದಗಿನ ಮದುವೆಯಲ್ಲಿ ಎಲ್‌ಇಡಿ ಪರದೆಗೆ ಲೈವ್ ಕೊಟ್ಟಾಗ ಮಂಟಪವೇ ತೊಟ್ಟಿಲು ತೂಗಿದಂಗೆ ತೂಗ್ತು. “ತಲಿ ತಿರಗಾಕತ್ತೈತಿ, ಬಂದ್ ಮಾಡ್ರಿ ಅದನ್ನ” ಅಂದ್ರು ಹುಡುಗಿ ಕಡೆಯವರು. ಎಲ್ಲರೆದುರು!

ಮೋಸ ಪೂರ್ತಿ ಹೊರಬಿದ್ದದ್ದು ಡ್ರೋನ್ ಆ್ಯಪಿನ ಇಐಎಸ್ (ಮೋಟಾರ್ ಇಲ್ಲದೆ ಸಾಫ್ಟ್‌ವೇರ್‌ನಿಂದ ಅಲುಗಾಟ ತೆಗೆಯೋದು) ಬಟನ್‌ನಿಂದ. ಇಐಎಸ್ ಗೈರೋ (ತಿರುಗಾಟ ಅಳೆಯೋ ಸೆನ್ಸರ್) ಲೆಕ್ಕ ಹಿಡಿದು ಪ್ರತಿ ಫ್ರೇಮನ್ನೂ ಅಲುಗಾಟದ ವಿರುದ್ಧ ದಿಕ್ಕಿಗೆ ಸರಿಸ್ತದೆ. ಸರಿಸೋಕೆ ಅಂಚಿನಲ್ಲಿ ಜಾಗ ಬೇಕು, ಹಂಗಾಗಿ ಆನ್ ಮಾಡಿದ ಕೂಡಲೇ ಚಿತ್ರ ಸ್ವಲ್ಪ ಕತ್ತರಿಸಿ ಹತ್ತಿರ ಬಂದಂತೆ ಕಾಣ್ತದೆ. ಇದರಲ್ಲಿ? ಐಕಾನ್ ಹಸಿರಾಯ್ತು. ಚಿತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬರೀ ಐಕಾನ್ ರೀ!

ಅಂಗಡಿಗೆ ಫೋನ್ ಮಾಡಿದ್ರೆ ಉತ್ತರ ಕೇಳ್ರಿ. “ಗಾಳಿ ಭಾಳ ಇತ್ತೇನೋ ಸರ್.” ಗಾಳಿ ಇದ್ದಾಗಲೇ ಅಲ್ವಾ ಸ್ಟೆಬಿಲೈಸೇಶನ್ ಬೇಕಾಗೋದು? “ಗೈರೋ ಕ್ಯಾಲಿಬ್ರೇಟ್ ಮಾಡ್ರಿ.” ಅದರಿಂದ ಡ್ರೋನ್ ಪಕ್ಕಕ್ಕೆ ಜಾರೋದು ನಿಲ್ಲಬಹುದು, ಇಲ್ಲದ ಮೋಟಾರ್ ಹುಟ್ಟಲ್ಲ. “ಎಡಿಟಿಂಗ್‌ನ್ಯಾಗ ಸರಿ ಆಗ್ತೈತಿ.” ಲೈವ್‌ಗೆ ಯಾವ ಎಡಿಟಿಂಗ್? ರೆಕಾರ್ಡಿಂಗಾದ್ರೂ ಉಳಿಯುತ್ತಾ ಅಂದ್ರೆ, ಗೈರೋಫ್ಲೋನಂಥ ಸಾಫ್ಟ್‌ವೇರ್‌ಗೆ ವಿಡಿಯೋ ಜೊತೆ ಗೈರೋ ದಾಖಲೆ ಬೇಕು, ಇದು ದಾಖಲಿಸೋದೇ ಇಲ್ಲ. ಇದರ ಮೇಲೆ ಚಿತ್ರ ಜೆಲ್ಲಿಯಂಗೆ ನಡುಗೋ ಕಾಟ: ಕ್ಯಾಮೆರಾ ಸೆನ್ಸರ್ ಚಿತ್ರವನ್ನ ಸಾಲುಸಾಲಾಗಿ ಓದುವಾಗ ರೆಕ್ಕೆಯ ಕಂಪನಕ್ಕೆ ಕಂಬಗಳೆಲ್ಲ ಸೊಟ್ಟ. ಸಂಜೆ ಶಟರ್ ನಿಧಾನ ಆದ್ರೆ ಒಂದೊಂದು ಫ್ರೇಮಿನ ಒಳಗೇ ಮಸುಕು. ಆ ಮಸುಕನ್ನ ಒಳ್ಳೆ ಇಐಎಸ್ ಕೂಡ ತೆಗೆಯಲ್ಲ. ಮೆಮೊರಿ ಕಾರ್ಡ್ ಹಾಕೋ ಜಾಗ ಇಲ್ಲ, ವೈಫೈನಲ್ಲಿ ಬಂದದ್ದೇ ಫೋನಲ್ಲಿ ಉಳಿಯೋದು, ಸಿಗ್ನಲ್ ತಪ್ಪಿದರೆ ರೆಕಾರ್ಡಿಂಗಲ್ಲೂ ಜಂಪ್. ಎಲ್ಲಿಯ 4ಕೆ?

ಕೊನೆಗೆ “ಹಾರಿಸಿದ ಮಾಲು ವಾಪಸ್ ಇಲ್ರಿ, ಬೇಕಂದ್ರ ಬ್ಯಾಟರಿ ಒಂದು ಕೊಡ್ತೀನಿ.” ಬಿಲ್ ತೆಗೆದು ನೋಡಿದ್ರೆ ‘ಟಾಯ್, 1’ ಅಂತ ಮಾತ್ರ ಬರೆದಾರೆ! ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದ್ರೂ ಕಾಗದದಲ್ಲಿ ಗಿಂಬಲ್ ಮಾತೇ ಇಲ್ಲ.

ಹೋಗೋದೇ ಆದ್ರೆ ಅಂಗಡಿಯಲ್ಲೇ ರೆಕ್ಕೆ ಬಿಚ್ಚಿಸಿ, ಪವರ್ ಹಾಕಿ, ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ 20 ಡಿಗ್ರಿಯಷ್ಟು ವಾಲಿಸ್ರಿ. ಫೋನಿನ ಪರದೆಯಲ್ಲಿ ಬಾಗಿಲ ಚೌಕಟ್ಟು ನೆಟ್ಟಗೆ ನಿಲ್ಲಬೇಕು. ವಾಲಿದ್ರೆ ಎದ್ದು ಬರ್ರಿ. ಬಿಲ್‌ನಲ್ಲಿ ಮಾಡೆಲ್ ಹೆಸರು, ‘ಮೂರು ಮೋಟಾರ್ ಗಿಂಬಲ್’ ಎರಡೂ ಬರೆಸ್ರಿ. ಫಾರಿನ್ ಮಾಲು, ಕಂಪನಿ ವಾರಂಟಿ ಅಂದ್ರೆ ಸಿದ್ಧ ಡ್ರೋನ್ ಆಮದು 2022ರ ಫೆಬ್ರವರಿಯಿಂದ ನಿಷೇಧ ಅದೆಯಲ್ಲ, ಯಾವ ದಾರಿಯಲ್ಲಿ ಬಂತು ಅಂತ ಕೇಳ್ರಿ.