ಒಂದೇ ಗೇಟು, ಮೂರು ಕಾರು: 800, ಸ್ವಿಫ್ಟ್, ಕ್ರೆಟಾ

ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟದ ಗೇಟಿಗೆ ಎರಡು ಕಲ್ಲುಕಂಬ ಇವೆ. ಅಜ್ಜ ಜೀಪಿನ ಲೆಕ್ಕ ಹಿಡಿದು ನೆಡಿಸಿದ್ದು. ನಡುವಿನ ಜಾಗ 6 ಅಡಿ 8 ಇಂಚು, ಅಂದರೆ 2032 ಮಿ.ಮೀ. ಅಪ್ಪನ 1996ರ ಮಾರುತಿ 800, ನನ್ನ 2012ರ ಸ್ವಿಫ್ಟ್, ಅಣ್ಣನ ಹೊಸ ಕ್ರೆಟಾ ಮೂರೂ ಈ ಕಂಬಗಳ ನಡುವೆಯೇ ಹೋಗಿ ಬರಬೇಕು. ದೀಪಾವಳಿಗೆ ಎಲ್ಲರೂ ಸೇರಿದಾಗ ಮೂರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆವು. 800 ಅಷ್ಟು ಚಿಕ್ಕದು ಅಂತ ಅವತ್ತೇ ಕಣ್ಣಿಗೆ ಬಿದ್ದಿದ್ದು. ಎರಡು ದಿನ ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿದೆ.

ಮೊದಲು ಅಳತೆ. 800 ಉದ್ದ 3335 ಮಿ.ಮೀ., ಅಗಲ 1440. ಸ್ವಿಫ್ಟ್ 3850, 1695. ಕ್ರೆಟಾ 4330, 1790. ಗೇಟಿನಲ್ಲಿ 800ಕ್ಕೆ ಎರಡೂ ಕಡೆ ಒಂದೊಂದು ಗೇಣಿಗಿಂತ ಜಾಸ್ತಿ ಜಾಗ ಉಳಿಯುತ್ತದೆ. ಅಪ್ಪ ಕಂಬದ ಕಡೆ ನೋಡುವುದೂ ಇಲ್ಲ. ಸ್ವಿಫ್ಟ್‌ನಲ್ಲಿ ನಿಧಾನಿಸಿ, ನೇರ ಮಾಡಿಕೊಂಡು ಹೋಗುತ್ತೇನೆ. ಕ್ರೆಟಾಗೆ ಒಂದೊಂದು ಕಡೆ 12 ಸೆಂ.ಮೀ. ಸಿಗುತ್ತದೆ. ಕನ್ನಡಿ ಮಡಚಲೇಬೇಕು. ಮೊದಲ ದಿನ ನಾನು ಮರೆತೆ, ಎಡಗಡೆ ಕನ್ನಡಿಯ ಬಣ್ಣ ಕಲ್ಲಿಗೆ ಹತ್ತಿತು. ಅಣ್ಣ ಏನೂ ಅನ್ನಲಿಲ್ಲ, ನನಗೇ ಬೇಜಾರಾಯಿತು.

ಹಾಗಂತ ಹಿಂದಿನ ಕಾರೆಲ್ಲ ಚಿಕ್ಕದಿತ್ತು ಅನ್ನುವುದು ತಪ್ಪು. ಅಂಬಾಸಡರ್ ಉದ್ದವೂ ಸುಮಾರು 4.3 ಮೀಟರ್, ಹೆಚ್ಚುಕಡಿಮೆ ಕ್ರೆಟಾದಷ್ಟೇ. ಆದರೆ ಅಗಲ 1.7 ಮೀಟರ್ ಕೂಡ ಇರಲಿಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಈ ಅಗಲವನ್ನೇ.

ನಮ್ಮ ದೇಶದಲ್ಲಿ ಉದ್ದಕ್ಕೆ ತೆರಿಗೆಯ ಕಡಿವಾಣ ಇದೆ. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಸಣ್ಣ ಎಂಜಿನ್‌ನ ಕಾರುಗಳಿಗೆ ಅಬಕಾರಿ ಸುಂಕವನ್ನು 24%ರಿಂದ 16%ಕ್ಕೆ ಇಳಿಸಿದರು. ಸ್ವಿಫ್ಟ್‌ಗೇ ಡಿಕ್ಕಿ ಸೇರಿಸಿದ ಡಿಸೈರ್ ಮೊದಲು ಬಂದಾಗ 4160 ಮಿ.ಮೀ. ಇತ್ತು. 2012ರಲ್ಲಿ ಡಿಕ್ಕಿ ಮೊಟಕು ಮಾಡಿ 3995ಕ್ಕೆ ತಂದರು. ಅಗಲಕ್ಕೆ ಅಂಥ ಮಿತಿ ಯಾರೂ ಹಾಕಲಿಲ್ಲ. ಹಾಗಾಗಿ 4 ಮೀಟರ್ ಒಳಗಿನ ಟಾಟಾ ನೆಕ್ಸಾನ್ 1804 ಮಿ.ಮೀ. ಅಗಲ ಇದೆ, ಉದ್ದದ ಕ್ರೆಟಾಗಿಂತ ಜಾಸ್ತಿ.

ಈ ಅಗಲ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಬಾಗಿಲು ತೆಗೆದು ನೋಡಬೇಕು. 800ರ ಬಾಗಿಲು ಎರಡು ತಗಡಿನ ನಡುವೆ ಗಾಜು ಇಟ್ಟ ಹಾಗಿದೆ, ಒಂದು ಬೆರಳಲ್ಲಿ ಎಳೆದರೆ ಬರುತ್ತದೆ. ಕ್ರೆಟಾದ ಬಾಗಿಲನ್ನು ಹಿಡಿಯಲು ಪೂರ್ತಿ ಕೈ ಬೇಕು. ಹೊರಗಿನ ಅಗಲದಲ್ಲಿ ಎರಡಕ್ಕೂ 350 ಮಿ.ಮೀ. ವ್ಯತ್ಯಾಸ. ಒಳಗೆ ಭುಜದ ಮಟ್ಟದಲ್ಲಿ ಟೇಪು ಹಿಡಿದರೆ ಒಂದು ಗೇಣು ಕೂಡ ಜಾಸ್ತಿ ಸಿಗಲಿಲ್ಲ. ಮಿಕ್ಕಿದ್ದೆಲ್ಲ ಬಾಗಿಲಿಗೇ ಹೋಗಿದೆ.

ಅದು ಸುಮ್ನೆ ಹೋದದ್ದಲ್ಲ. ಪಕ್ಕದಿಂದ ಬಡಿದರೆ ತಡೆಯಲು ಒಳಗೆ ಉಕ್ಕಿನ ಅಡ್ಡಪಟ್ಟಿ ಬೇಕು, ಅದು ಬಗ್ಗಲು ಜಾಗ ಬೇಕು. ಮುಂದಿನಿಂದ 56 ಕಿ.ಮೀ. ವೇಗದಲ್ಲಿ ಗುದ್ದಿಸುವ ಪರೀಕ್ಷೆ, ಪಕ್ಕದಿಂದ ಗುದ್ದುವ ಪರೀಕ್ಷೆ ಯುರೋಪಿನಲ್ಲಿ ಮೊದಲೇ ಇದ್ದವು. ನಮ್ಮಲ್ಲಿ 2017ರ ಅಕ್ಟೋಬರ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೆ ಬಂದವು. ಬಾನೆಟ್ ಎತ್ತರ ಆದದ್ದಕ್ಕೂ ಒಂದು ಕಾರಣ ಇದೆ. ನಡೆದು ಹೋಗುವವರಿಗೆ ಕಾರು ಬಡಿದರೆ ತಲೆ ಬಾನೆಟ್ ಮೇಲೆ ಬೀಳುತ್ತದೆ. ತಗಡು ಬಗ್ಗಬೇಕು, ಕೆಳಗಿನ ಎಂಜಿನ್‌ಗೆ ತಲೆ ತಾಗಬಾರದು. ಅದಕ್ಕೆ ನಡುವೆ ಖಾಲಿ ಜಾಗ ಬಿಡುತ್ತಾರೆ.

ಆದರೆ ಎತ್ತರದ ಬಾನೆಟ್‌ಗೆ ಇನ್ನೊಂದು ಮುಖ ಇದೆ. ಕಾಫಿ ಕೊಯ್ಲಿನ ಬುಟ್ಟಿಯೊಂದನ್ನು ಕಾರಿನ ಮುಂದೆ ಇಟ್ಟು, ನಾನು ಸೀಟಿನಲ್ಲಿ ಕೂತೆ. ಬುಟ್ಟಿಯ ಅಂಚು ನನಗೆ ಕಾಣುವವರೆಗೆ ಅದನ್ನು ಕಾರಿನಿಂದ ದೂರ ಸರಿಸು ಅಂತ ಅಣ್ಣನ ಮಗನಿಗೆ ಹೇಳಿದೆ. 800ರಲ್ಲಿ ಅವನು ಎರಡೂವರೆ ಹೆಜ್ಜೆ ಸರಿಸಿದಾಗ ಕಂಡಿತು. ಸ್ವಿಫ್ಟ್‌ನಲ್ಲಿ ಮೂರೂವರೆ. ಕ್ರೆಟಾದಲ್ಲಿ ಐದು. ಇದು ಆ ಒಂದು ಕಾರಿನ ಮಾತಲ್ಲ, ಎತ್ತರದ ಎಲ್ಲ ಗಾಡಿಗಳದ್ದೂ ಇದೇ ಕತೆ. ಕೊಯ್ಲಿನ ಕಾಲದಲ್ಲಿ ನಮ್ಮ ಕಣದಲ್ಲಿ ಆಳುಗಳ ಮಕ್ಕಳು ಆಡುತ್ತಿರುತ್ತಾರೆ. ಬುಟ್ಟಿಗಿಂತ ಸ್ವಲ್ಪವೇ ಎತ್ತರ ಇರುವ ಮಕ್ಕಳು. ಆ ಐದು ಹೆಜ್ಜೆ ನೋಡಿದ ಮೇಲೆ ಕಣದಲ್ಲಿ ಯಾವ ಕಾರನ್ನೂ ಸ್ಟಾರ್ಟ್ ಮಾಡುವ ಮೊದಲು ಒಂದು ಸುತ್ತು ಹಾಕಿ ನೋಡುತ್ತೇನೆ.

ಭಾನುವಾರ ಕೈಮರ ದಾಟಿ ಸೀತಾಳಯ್ಯನಗಿರಿ ಬೆಟ್ಟದವರೆಗೆ ಹೋದೆವು. ಎದುರಿನಿಂದ ಗಾಡಿಗಳ ಸಾಲು. 800 ಅನ್ನು ಮಣ್ಣಿನ ಅಂಚಿಗೆ ಇಳಿಸಿದರೆ ಸಾಕಾಯಿತು. ಕ್ರೆಟಾದಲ್ಲಿ ಎರಡು ಸಲ ರಿವರ್ಸ್ ಹೋಗಬೇಕಾಯಿತು. ಸುತ್ತಿ ತಿರುಗಲು 800ಕ್ಕೆ 4.4 ಮೀಟರ್ ತ್ರಿಜ್ಯ ಸಾಕು, ಸ್ವಿಫ್ಟ್‌ಗೆ 4.8, ಕ್ರೆಟಾಗೆ 5.3. ಆದರೆ ನಾಲ್ಕು ಜನ ಕೂತರೆ 800 ಏರಿನಲ್ಲಿ ಫಸ್ಟ್ ಗೇರ್ ಬಿಡುವುದಿಲ್ಲ. ಚಿಕ್ಕಮಗಳೂರು ಪೇಟೆಯ ಎಂ.ಜಿ. ರೋಡಿನಲ್ಲಿ ನಿಲ್ಲಿಸುವುದು ಯಾವುದು ಸುಲಭ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ನನ್ನ ಆಯ್ಕೆ ಸ್ವಿಫ್ಟ್ ಅಳತೆ. 800ರ ತೆಳು ಬಾಗಿಲಿನ ಪಕ್ಕ ಮಕ್ಕಳನ್ನು ಕೂರಿಸಿ ಚಾರ್ಮಾಡಿ ಘಾಟಿ ಇಳಿಯಲು ಇವತ್ತು ನನಗೆ ಮನಸ್ಸಿಲ್ಲ. 800ರಿಂದ ಸ್ವಿಫ್ಟ್‌ವರೆಗೆ ಬೆಳೆದ ಅಗಲವನ್ನು ಒಪ್ಪುತ್ತೇನೆ. ಅದರ ಮೇಲೆ ಬೆಳೆದದ್ದರಲ್ಲಿ ಎತ್ತರವಾಗಿ ಕಾಣುವ ಆಸೆಯೇ ಜಾಸ್ತಿ. 2024ರ ಸ್ವಿಫ್ಟ್‌ನಲ್ಲಿ ಆರು ಏರ್‌ಬ್ಯಾಗ್ ಇವೆ, ಅಗಲ 1735. ನನ್ನದಕ್ಕಿಂತ 40 ಮಿ.ಮೀ. ಜಾಸ್ತಿ, ಗೇಟಿಗೆ ಹಿಡಿಸುತ್ತದೆ.

ಅಮ್ಮ ಮಾತ್ರ ಒಪ್ಪುವುದಿಲ್ಲ. ಅವರಿಗೆ ಮಂಡಿನೋವು. 800ರ ಸೀಟಿನಿಂದ ಏಳಬೇಕಾದರೆ ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಪ್ರಯತ್ನ ಪಡುತ್ತಾರೆ. ಕ್ರೆಟಾದ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ, ಕಟ್ಟೆ ಮೇಲೆ ಕೂತ ಹಾಗೆ ಕೂರುತ್ತಾರೆ, ಇಳಿಯುತ್ತಾರೆ. ಹಬ್ಬ ಮುಗಿಸಿ ಅಣ್ಣ ಹೊರಟಾಗ, ಕನ್ನಡಿ ಮಡಚಲು ನೆನಪಿಸಿದ್ದೂ ಅವರೇ.